ಅವರೆಕಾಯಿಯ ಮೂರು ತೂಕ

ಅಡುಗೆ ಕಲಿಸುವವರಿಗೆ ಅಡುಗೆ ಚೆನ್ನಾಗಿ ಬರಬೇಕೆಂಬ ನಿಯಮವೇನೂ ಇಲ್ಲ. ಅದಕ್ಕೆ ನಾನೇ ಸಾಕ್ಷಿ. ಶಿಡ್ಲಘಟ್ಟದ ಒಂದು ತರಬೇತಿ ಕೇಂದ್ರದಲ್ಲಿ ಹನ್ನೆರಡು ಮಂದಿ ಹೆಂಗಸರಿಗೆ ಮೂರು ತಿಂಗಳ ಅಡುಗೆ ಕೋರ್ಸು ನಡೆಯುತ್ತಿತ್ತು. ಅಡುಗೆಮನೆಯ ಪದಗಳು, ಅಳತೆ, ಊಟದ ಖರ್ಚು, ಇವಿಷ್ಟು ನನ್ನ ಪಾಲಿನ ಪಾಠ. ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಮನೆಯ ಗ್ಯಾಸು ಆರಿಸಿದ್ದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಕೊರಗಿ, ತಲುಪಿದ ಮೇಲೆ ಕೇಂದ್ರದ ಗ್ಯಾಸಿನ ಚಿಂತೆಗೆ ಬದಲಾಯಿಸಿಕೊಳ್ಳುತ್ತಿದ್ದೆ.

ಮೊದಲ ವಾರ, ಎಣ್ಣೆಯಲ್ಲಿ ತರಕಾರಿ ಬಾಡಿಸುವುದಕ್ಕೆ ದೊಡ್ಡ ಹೋಟೆಲುಗಳಲ್ಲಿ ‘ಸಾಟೆ’ ಎನ್ನುತ್ತಾರೆ ಎಂದು ಬೋರ್ಡಿನ ಮೇಲೆ ಬರೆದೆ. ಚಿಂತಾಮಣಿ ಕಡೆಯ ಒಬ್ಬ ಹೆಂಗಸು ಪಕ್ಕದವರಿಗೆ, “ಹಂಗಾದ್ರೆ ನಮ್ಮತ್ತೆ ಇಷ್ಟು ವರ್ಷ ನನ್ನನ್ನೇ ಸಾಟೆ ಮಾಡ್ತಿದ್ರು ಕಣೇ” ಎಂದರು. ಆಮೇಲೆ ಆ ಪದವನ್ನು ಯಾರೂ ಮರೆಯಲಿಲ್ಲ. ನನ್ನ ಬೋಧನೆಯ ಯಶಸ್ಸು ಅಷ್ಟೇ.

ಆ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬಾಕೆಯ ಬಗ್ಗೆ ಈಗ ಹೇಳಬೇಕು. ಮೂವತ್ತೈದರ ಆಸುಪಾಸು, ಮನೆಯಲ್ಲಿ ಉರ್ದು. ತಲೆತಲಾಂತರದಿಂದ ಅವರದು ನೂಲು ಬಿಚ್ಚಾಣಿಕೆಯ ಮನೆ. ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಕೆಲಸ. ಆ ಬಿಚ್ಚಾಣಿಕೆ ನಿಂತು ವರ್ಷವಾಗಿತ್ತು. ಕೇಂದ್ರದ ಗೇಟಿನ ಪಕ್ಕದ ಖಾಲಿ ಕೋಣೆಯನ್ನು ಕ್ಯಾಂಟೀನಿಗೆ ಕೊಡುತ್ತಾರೆಂದು ತಿಳಿದಾಗ ಮೊದಲು ಅರ್ಜಿ ಹಾಕಿದವರು ಆಕೆಯೇ. ಸಿಕ್ಕರೆ ಸ್ವಂತದ ಒಲೆ, ಸಿಗದಿದ್ದರೆ ಇನ್ನೊಬ್ಬರ ಬಿಚ್ಚಾಣಿಕೆಯಲ್ಲಿ ದಿನಗೂಲಿ. ಆಡಳಿತ ಸಮಿತಿಯ ಷರತ್ತು ಒಂದೇ: ಊಟ ನಲವತ್ತು ರೂಪಾಯಿ ದಾಟಬಾರದು, ಐವತ್ತು ಜನರ ಊಟದ ಲೆಕ್ಕವನ್ನು ಬರೆದು ಕೊಡಬೇಕು.

ಲೆಕ್ಕ ಅಂದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಚಳಿಗಾಲ, ಅವರೆಕಾಯಿಯ ಕಾಲ. ಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ಮಜ್ಜಿಗೆ ಎಂದು ಬರೆದು, ಒಂದು ಊಟಕ್ಕೆ ಮೂವತ್ನಾಲ್ಕು ರೂಪಾಯಿ ಎಂದು ಕೂಡಿಸಿ, ಆಕೆಯ ಹೆಸರಿನಲ್ಲಿ ನಾನೇ ಆಫೀಸಿಗೆ ತಲುಪಿಸಿದೆ. ತಡವಾದರೆ ಬೇರೆ ಯಾರಾದರೂ ಕೊಟ್ಟುಬಿಟ್ಟಾರೆಂಬ ಭಯ. ಮರುದಿನ ಅದೇ ಲೆಕ್ಕವನ್ನು ಹೆಮ್ಮೆಯಿಂದ ಬೋರ್ಡಿನ ಮೇಲೆ ಬರೆದೆ.

“ಮೇಡಂ, ಮೂರು ಕೆ.ಜಿ. ಅವರೆ ಅಂತ ಬರ್ದಿದ್ದೀರಲ್ಲ, ಯಾವುದು?” ಕೊನೆಯ ಬೆಂಚಿನಿಂದ ಆಕೆ ಕೇಳಿದರು. “ಕಾಯಾ, ಕಾಳಾ, ಹಿತಕಿದ್ ಬೇಳೆನಾ?”

“ಬೇಳೆ ಕಣಮ್ಮ. ತಟ್ಟೆಗೆ ಅರವತ್ತು ಗ್ರಾಂ.”

“ರೇಟು ಕೆ.ಜಿ.ಗೆ ಅರವತ್ತು ರೂಪಾಯಿ ಹಾಕಿದ್ದೀರಿ. ಅದು ಕಾಯಿ ರೇಟು.”

ನಾನು ಬೋರ್ಡಿನ ಕಡೆ ತಿರುಗಿ ಅಂಕಿಗಳನ್ನು ಇನ್ನೊಮ್ಮೆ ಓದಿದೆ. ಆಮೇಲೆ ಚಿಂತಾಮಣಿಯ ಹೆಂಗಸು ಮೆಲ್ಲಗೆ, “ಅರವತ್ತಕ್ಕೆ ಹಿತಕಿದ್ ಬೇಳೆ ಕೊಡೋ ಅಂಗ್ಡಿ ಎಲ್ಲಿದೆ ಅಂತ ನಮ್ಗೂ ಹೇಳಿ ಮೇಡಂ” ಎಂದರು.

ನಾನು ಹುಟ್ಟಿದ್ದು ಈ ಸೀಮೆಯಲ್ಲೇ. ಮೊರದ ಮುಂದೆ ಕೂತು ಅವರೆ ಸುಲಿದು, ನೆನೆಸಿದ ಕಾಳನ್ನು ಹೆಬ್ಬೆರಳಿನಿಂದ ಒತ್ತಿ ಹಿತಕಿ, ಸಿಪ್ಪೆಯಿಂದ ಬೇಳೆ ಹಾರಿಸಿ ಬೆಳೆದವಳು. ಬುಟ್ಟಿ ತುಂಬ ಕಾಯಿ ಸುಲಿದರೆ ಕೊನೆಗೆ ಬಟ್ಟಲಿನಷ್ಟು ಬೇಳೆ ಎಂದು ಬೆರಳಿಗೆ ಗೊತ್ತಿತ್ತು. ಸೀಮೆಸುಣ್ಣ ಹಿಡಿದ ತಕ್ಷಣ ಬೆರಳು ಮರೆತಿತ್ತು.

ಆಕೆ ಬೋರ್ಡಿನ ಹತ್ತಿರ ಬಂದು ವಿವರಿಸಿದರು. “ನಮ್ಮಲ್ಲಿ ಗೂಡು ಕೊಳ್ಳೋಕೆ ಮುಂಚೆ ಒಂದ್ ಲೆಕ್ಕ ಹಾಕ್ತಾರೆ ಮೇಡಂ. ಒಂದು ಕೆ.ಜಿ. ರೇಷ್ಮೆಗೆ ಎಷ್ಟು ಕೆ.ಜಿ. ಗೂಡು ಬೇಕು? ಏಳೋ, ಎಂಟೋ. ಗೂಡಿನ ರೇಟಲ್ಲಿ ರೇಷ್ಮೆ ಲೆಕ್ಕ ಹಾಕಿದ್ರೆ ಮನೆ ಮುಳುಗ್ತದೆ. ಅವರೆನೂ ಹಂಗೇ.” ಮೂರು ಕೆ.ಜಿ. ಬೇಳೆಗೆ ಹನ್ನೊಂದು ಕೆ.ಜಿ. ಕಾಯಿ. ನನ್ನ ಮೂವತ್ನಾಲ್ಕು ನಲವತ್ನಾಲ್ಕಾಗಿ ನಿಂತಿತು. ಮಿತಿ ನಲವತ್ತು.

ಉಪ್ಪು ಹೆಚ್ಚಾದೀತು, ಹಲ್ಲಿ ಬಿದ್ದೀತು, ಕುಕ್ಕರಿನ ರಬ್ಬರು ಸಡಿಲವಾದೀತು ಎಂದು ಹಗಲೆಲ್ಲ ಹೆದರುವ ನಾನು ಹೆದರಬೇಕಾದ ಒಂದೇ ಜಾಗದಲ್ಲಿ ನಿಶ್ಚಿಂತೆಯಿಂದಿದ್ದೆ. ಅದರ ಬೆಲೆಯನ್ನು ಈಗ ಆಕೆ ತೆರಬೇಕು.

ತರಗತಿ ಮುಗಿದ ಮೇಲೆ ಪಕ್ಕಕ್ಕೆ ಕರೆದು, ಮೇಷ್ಟರಾದವರು ಹೇಳಬಾರದ ಮಾತೊಂದನ್ನು ಹೇಳಿದೆ. “ಸುಮ್ನಿದ್ದುಬಿಡಮ್ಮ. ಆ ಊಟ ಮಾಡೋ ದಿನ ಬೇಳೆ ಒಂಚೂರು ಕಮ್ಮಿ ಹಾಕಿ, ಸಾರು ತೆಳ್ಳಗೆ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ.”

“ಒಂದಿನ ತೆಳ್ಳಗೆ ಮಾಡ್ಬಹುದು ಮೇಡಂ. ವರ್ಷ ಪೂರ್ತಿ ಅದೇ ರೇಟಿಗೆ ಕೊಡಮ್ಮ ಅಂದ್ರೆ?” ಎಂದು ಕೇಳಿ, ನನ್ನ ಮುಖ ನೋಡಿ, ಸಮಾಧಾನವನ್ನೂ ಆಕೆಯೇ ಹೇಳಿದರು. “ನೀವು ಟೀ ಕುಡೀರಿ ಮೇಡಂ. ಲೆಕ್ಕ ತಪ್ಪಿದ್ರೆ ತಿದ್ದಿದ್ರಾಯ್ತು.”

ಸಮಿತಿ ಸೇರುವ ದಿನ ಆಕೆ ಒಂದು ಮೊರ, ಒಂದು ತಕ್ಕಡಿ, ಒಂದು ಕೆ.ಜಿ. ಅವರೆಕಾಯಿ ತಂದಿದ್ದರು. ಇನ್ನೊಂದು ಕೆ.ಜಿ. ಕಾಯಿಯನ್ನು ಮೊದಲೇ ಸುಲಿದು, ಕಾಳನ್ನು ನೆನೆಸಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಮೇಜಿನ ಆಚೆ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು. ತಪ್ಪು ನನ್ನದೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ, “ಸಾರ್, ನಾವು ಕೊಟ್ಟ ಲೆಕ್ಕ ತಪ್ಪಿದೆ. ಹೆಂಗೆ ಅಂತ ತೋರಿಸ್ತೀನಿ” ಎಂದು ಕಾಯಿಯನ್ನು ಮೊರಕ್ಕೆ ಸುರಿದರು.

ಈ ಕಡೆಯ ಜನರ ಮುಂದೆ ಅವರೆಕಾಯಿ ಸುರಿದು ಅವರು ಸುಮ್ಮನೆ ಕೂತಿರಲಿ ಎಂದರೆ ಆಗುವುದಿಲ್ಲ. ಎರಡು ನಿಮಿಷಕ್ಕೆ ಒಬ್ಬ ಸದಸ್ಯರ ಕೈ ಮೊರಕ್ಕೆ ಬಂತು. ಇನ್ನೊಬ್ಬರು ಕನ್ನಡಕ ತೆಗೆದಿಟ್ಟು ಸೇರಿಕೊಂಡರು. ಅಧ್ಯಕ್ಷರು ಸ್ವಲ್ಪ ಹೊತ್ತು ಫೈಲು ತಿರುವಿ, ಕೊನೆಗೆ ನೆನೆದ ಕಾಳಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಅವರು ಹಿತಕಿದ ಒಂದು ಬೇಳೆ ಹಾರಿ ನನ್ನ ಮಡಿಲಿಗೆ ಬಿತ್ತು.

“ಸಾರ್, ಬೇಳೆ ತಿನ್ನಂಗಿಲ್ಲ, ತೂಕಕ್ಕೆ ಹೋಗ್ಬೇಕು” ಎಂದರು ಆಕೆ.

“ಒಂದೇ ತಿಂದಿದ್ದಮ್ಮ” ಎಂದರು ಅಧ್ಯಕ್ಷರು.

ಸುಲಿದ ಕಾಳು ನಾನೂರು ಗ್ರಾಂ ತೂಗಿತು. ಹಿತಕಿ ಬಟ್ಟೆಯಲ್ಲಿ ಒರೆಸಿದ ಬೇಳೆ ಇನ್ನೂರ ಎಂಬತ್ತು. ಮೂವರೂ ತಕ್ಕಡಿಯನ್ನು ಬಗ್ಗಿ ನೋಡಿದರು. ಆಕೆ ಎದ್ದು ನಿಂತು ಹೇಳಿದರು: “ಹಿತಕಿದ್ ಬೇಳೆ ಸಾರಿನ ಊಟ ನಲವತ್ನಾಲ್ಕು. ನಲವತ್ತರೊಳಗೆ ಬೇಕು ಅಂದ್ರೆ ಸಿಪ್ಪೆ ಸಮೇತ ಕಾಳಿನ ಸಾರು ಮಾಡ್ತೀನಿ. ತೆಳ್ಳಗೆ ಮಾತ್ರ ಮಾಡಲ್ಲ.”

ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಮೊದಲು ಕೊಟ್ಟಿದ್ದು ಕಮ್ಮಿ ಲೆಕ್ಕ, ಈಗ ಬಾಯಿಬಿಟ್ಟು ಹೆಚ್ಚು ಹೇಳುತ್ತಿದ್ದಾರೆ. ಕೋಣೆ ಹೋಯಿತು ಎಂದುಕೊಂಡೆ.

ಅಧ್ಯಕ್ಷರು ಉಳಿದಿಬ್ಬರನ್ನು ನೋಡಿದರು. “ಉಳಿದ ಅರ್ಜಿಗಳಲ್ಲೂ ಮೂವತ್ತೈದಕ್ಕೆ ಹಿತಕಿದ್ ಬೇಳೆ ಕೊಡ್ತೀವಿ ಅಂತ ಬರ್ದವ್ರೆ. ಅವ್ರು ಏನ್ ಹಾಕ್ತಾರೋ ದೇವ್ರಿಗೇ ಗೊತ್ತು. ಈಯಮ್ಮ ಏನ್ ಹಾಕ್ತಾರೆ ಅಂತ ನಮ್ ಕೈಗೇ ಗೊತ್ತಾಯ್ತು.” ಡ್ರಾಯರಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು. “ಕಾಳಿನ ಸಾರೇ ಆಗ್ಲಿ.”

ಕೈ ಒರೆಸಿಕೊಂಡು ಆಕೆ ಬೀಗದಕೈ ತೆಗೆದುಕೊಂಡರು. ಕಣ್ಣು ತುಂಬಿತ್ತೇ ಎಂದು ನಾನು ನೋಡಲು ಹೋದರೆ, ಆಕೆ ಆಗಲೇ ಅಧ್ಯಕ್ಷರ ಕಡೆ ತಿರುಗಿ, ಆ ಕೋಣೆಯ ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬರುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆಯೇ ಎಂದು ವಿಚಾರಿಸುತ್ತಿದ್ದರು.