ಇಪ್ಪತ್ತು ಗಂಟೆಯ ಒಳಗೆ

ಕೊರೊನಾ ಕಾಲದಲ್ಲಿ ನಮ್ಮವರ ಆಫೀಸು ಮನೆಗೇ ಬಂದು ಕೂತುಬಿಟ್ಟಿತು. ಜಪಾನಿನ ತೊಯೊಸುವಿನ ಎತ್ತರದ ಕಟ್ಟಡದಲ್ಲಿ ನಮ್ಮದು ಎರಡೇ ಕೋಣೆ. ಬೆಳಗಿನಿಂದ ಸಂಜೆಯವರೆಗೆ ಅವರ ಮೀಟಿಂಗ್. ನಾನು ಮಿಕ್ಸಿ ಹಾಕುವ ಹಾಗಿಲ್ಲ, ಒಗ್ಗರಣೆ ಸಿಡಿಸುವ ಹಾಗಿಲ್ಲ, ಮೈಸೂರಿನಿಂದ ಅಕ್ಕ ಫೋನ್ ಮಾಡಿದರೆ ಬಚ್ಚಲಿಗೆ ಹೋಗಿ ಪಿಸುಗುಟ್ಟಬೇಕು. ನನ್ನ ಮನೆಯಲ್ಲೇ ನಾನು ಕಳ್ಳಿ. ಉಸಿರು ಕಟ್ಟುತ್ತಿತ್ತು.

ಅದಕ್ಕೇ ನನಗೆ ಸೂಪರ್ ಮಾರ್ಕೆಟ್ಟಿನ ಕೆಲಸ ಅಷ್ಟು ಇಷ್ಟ. ಹಿಂಭಾಗದ ಅಡುಗೆಕೋಣೆಯಲ್ಲಿ ಕೊರೊಕ್ಕೆ ಕರಿಯುವುದು. ನಮ್ಮ ಆಲೂಗಡ್ಡೆ ಬೋಂಡಾದ ದೂರದ ನೆಂಟ ಅಂದುಕೊಳ್ಳಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಆರು ಗಂಟೆ. ಎಂ.ಎಸ್ಸಿ. ಓದಿದವಳು ಎಣ್ಣೆ ಬಾಣಲೆ ಮುಂದೆ ನಿಲ್ಲುವುದೇ ಎಂದು ನೆಂಟರು ಮೂಗು ಮುರಿದರು. ಮುರಿಯಲಿ. ಅಲ್ಲಿ ಫ್ಯಾನಿನ ಗದ್ದಲದಲ್ಲಿ, ಮಾಸ್ಕಿನೊಳಗಿಂದ, ಕಿರುಚಿಯೇ ಮಾತಾಡಬೇಕಿತ್ತು.

ಅಷ್ಟರಲ್ಲಿ ವಿಮೆಯ ನಿಯಮ ಬದಲಾಯಿತು. ಅಲ್ಲಿಯವರೆಗೆ ನನ್ನ ಹೆಸರು ಗಂಡನ ಕಂಪನಿಯ ಆರೋಗ್ಯ ವಿಮೆಯಲ್ಲೇ ಇತ್ತು, ನನಗೆಂದು ಬೇರೆ ಕಂತಿರಲಿಲ್ಲ. ಇನ್ನು ಮೇಲೆ ವಾರಕ್ಕೆ ಇಪ್ಪತ್ತು ಗಂಟೆ, ಅದಕ್ಕೂ ಮೇಲೆ ದುಡಿದವರಿಗೆ ನಮ್ಮ ಅಂಗಡಿಯೇ ವಿಮೆ ಮಾಡಿಸಬೇಕು. ಕಂತಿನಲ್ಲಿ ಅರ್ಧ ಅಂಗಡಿಯದು, ಅರ್ಧ ನಮ್ಮ ಸಂಬಳದಿಂದ.

"ಅಷ್ಟೇ ಕೆಲಸ ಮಾಡಿ ಕಮ್ಮಿ ಸಂಬಳ ತರ್ತೀಯಾ? ಮೇಲೆ ನಿನ್ನ ಹೆಸರಲ್ಲಿ ನನಗೆ ಆಫೀಸಿಂದ ಬರೋ ಫ್ಯಾಮಿಲಿ ಅಲವೆನ್ಸೂ ಕಟ್ ಆಗತ್ತೆ. ಯಾವ ಲಾಜಿಕ್ ಇದು?" ಎಂದರು ನಮ್ಮವರು.

"ಪೆನ್ಷನ್ನೂ ಸೇರತ್ತಂತೆ ರೀ. ಮುಂದೆ ನನಗೇ ಬರತ್ತೆ."

"ಅಲ್ಲೀತನಕ ನಾವಿಲ್ಲಿ ಇರ್ತೀವಾ?"

ಲೆಕ್ಕ ಅವರದೇ ಸರಿ. ಅದು ಸರಿ ಇದ್ದದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ಗಂಟೆ ಮಾತ್ರ ಇಳಿಸೋಲ್ಲ ಅಂದೆ.

ಮರುದಿನ ಮ್ಯಾನೇಜರ್ ಒಬ್ಬೊಬ್ಬರನ್ನೇ ಕರೆದರು. ನನ್ನ ಜೊತೆಯ ಹೆಂಗಸರೆಲ್ಲ ತುಟಿಪಿಟಕ್ಕೆನ್ನದೆ ಗಂಟೆ ಇಳಿಸಿಕೊಂಡು ಬಂದರು. ಅವರ ಮನೆಗಳಲ್ಲೂ ಅದೇ ಲೆಕ್ಕ. ಅವರು ಬಿಟ್ಟದ್ದನ್ನೂ ನನಗೇ ಕೊಡಿ ಎಂದೆ. ಮ್ಯಾನೇಜರ್ ಸೊಂಟ ಬಗ್ಗಿಸಿ, ನಿಮ್ಮ ಕೈಗೆ ಬರುವುದು ಕಡಿಮೆಯಾದರೆ ನಮಗೆ ಬೇಸರ, ದಿನಕ್ಕೆ ನಾಲ್ಕು ಗಂಟೆ ಸಾಕು ಅಂದರು. ಕಡಿಮೆಯಾಗಲಿ ಬಿಡಿ ಅಂದೆ. ಮತ್ತೆ ಬಗ್ಗಿದರು. ಆಗ ತಲೆಗೆ ಹೊಳೆಯಿತು: ಅಂಗಡಿಗೆ ತನ್ನ ಅರ್ಧ ಕಂತು ಕಟ್ಟುವ ಮನಸ್ಸಿಲ್ಲ. ಅಷ್ಟು ನಯವಾಗಿ ಬಾಗುವವರ ಜೊತೆ ಜಗಳ ಹೇಗೆ ಆಡುವುದು? ನಾಲ್ಕು ಗಂಟೆಗೇ ಒಪ್ಪಿ, ಅರಿಗಾತೋ ಎಂದು ಅವರ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿ ಈಚೆ ಬಂದೆ.

ಮನೆಯಲ್ಲಿ ಹೇಳಲಿಲ್ಲ. ಹಿಂದಿನ ಹೊತ್ತಿಗೇ ಹೊರಟು ಹಿಂದಿನ ಹೊತ್ತಿಗೇ ಬರುತ್ತಿದ್ದೆ. ಉಳಿದ ಎರಡು ಗಂಟೆ ಕಾಲುವೆ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದೆ. ಚಳಿಗೆ ಬೆರಳು ಮರಗಟ್ಟುತ್ತಿದ್ದವು. ಸಂಬಳ ಇಳಿದದ್ದು ನೋಡಿ ನಮ್ಮವರು, "ನಾನು ಹೇಳಿರಲಿಲ್ವಾ? ಇನ್ಶೂರೆನ್ಸ್‌ಗೆ ಹಿಡ್ಕೊಂಡ್ರು" ಎಂದರು. ಹೂಂ ಅಂದೆ.

ಒಂದು ಸಂಜೆ ಅವರು, "ನಿನ್ನ ಹೊಸ ಕಾರ್ಡ್ ಕೊಡು. ನನ್ನ ಇನ್ಶೂರೆನ್ಸ್‌ನಿಂದ ನಿನ್ನ ಹೆಸರು ತೆಗೆಸ್ಬೇಕು" ಎಂದು ಕೈ ಚಾಚಿದರು. ಎಲ್ಲಿಂದ ತರಲಿ? ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಒಳ್ಳೆಯ ಮನುಷ್ಯ. ನನ್ನ ಕೈ ಹಿಡಿದುಕೊಂಡು ಮರುಕದಿಂದ ಕೇಳಿದರು:

"ಅಯ್ಯೋ, ಅಷ್ಟು ಚಳೀಲಿ ಯಾಕೆ ಕೂತೆ? ಸೀದಾ ಮನೆಗೇ ಬರಬಹುದಿತ್ತಲ್ಲ?"