ಉಲ್ಟಾ ಇಟ್ಟ ಕಲ್ಲು

ಬಳ್ಳಾರಿಯಲ್ಲಿ ಅದಿರಿನ ದುಡ್ಡು ಹರಿದಾಡುತ್ತಿದ್ದ ಕಾಲ. ಗಾಂಧಿನಗರದ ಕಟ್ಟಡವೊಂದರ ಮಹಡಿಯಲ್ಲಿ ಆದಿಮಾನವರು ಬಳಸಿದ ಕಲ್ಲುಗಳ ಪ್ರದರ್ಶನವಿತ್ತು. ಕುರುಗೋಡಿನಿಂದ ಆಸೆಪಟ್ಟು ಬಂದ ನನ್ನ ಅಜ್ಜಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಇಷ್ಟು ದುಡ್ಡಿನ ಊರಲ್ಲಿ ಒಂದು ಲಿಫ್ಟಿಲ್ಲವೇ ಎಂದು ನನಗೆ ಮೈಯೆಲ್ಲ ಉರಿಯಿತು. ಡಿಜಿಟಲ್ ಕ್ಯಾಮೆರಾದಲ್ಲಿ ಎಲ್ಲ ಕಲ್ಲುಗಳ ಫೋಟೋ ತೆಗೆದು, ಕ್ಯಾಮೆರಾವನ್ನು ಕೆಳಗಿನ ಕೋಣೆಯ ಟಿವಿಗೆ ಜೋಡಿಸಿ ಅಜ್ಜಿಗೆ ಒಂದೊಂದಾಗಿ ತೋರಿಸಿದೆ.

ಕಾಳು ಅರೆಯುವ ಜೋಡಿ ಕಲ್ಲು ಬಂದಾಗ ಅಜ್ಜಿ ಮುಂದೆ ಬಾಗಿದಳು.

“ಮ್ಯಾಲಿನ ಕಲ್ಲು ಯಾರು ಉಲ್ಟಾ ಇಟ್ಟಾರ? ಸವದ ಮುಖ ಕೆಳಗ ಬರಬೇಕು. ಹಿಂಗಿದ್ರ ಕಾಳು ಹೆಂಗ ಅರೀತೈತಿ?”

ನಮ್ಮ ಜೊತೆ ಟಿವಿ ನೋಡುತ್ತಿದ್ದ ಪ್ರದರ್ಶನ ಇಟ್ಟವರು ನಕ್ಕರು. ಆದರೂ ಮಹಡಿಗೆ ಹೋಗಿ ಕಲ್ಲನ್ನು ತಿರುಗಿಸಿದರು. ಅದು ಕೆಳಗಿನ ಕಲ್ಲಿನ ತಗ್ಗಿನಲ್ಲಿ ಅಚ್ಚುಕಟ್ಟಾಗಿ ಕೂತಿತು.

ಇಳಿದು ಬಂದು ಕೈಮುಗಿದರು: “ಅವ್ವಾ, ಉಳಿದ ಫೋಟೋನೂ ನೋಡ್ರಿ. ಇನ್ನೇನೇನು ತಪ್ಪು ಇಟ್ಟೀವಿ ಹೇಳ್ರಿ.”