ಬಿಚ್ಚದ ಮುಷ್ಟಿಯೂ ನನ್ನ ಪಂಕ್ಚರ್ ವಿದ್ಯೆಯೂ

ಇವತ್ತು ಬೆಳಿಗ್ಗೆ ಹೆಂಡತಿ ಹಸೀನಾಳ ಬಲಗೈ ಉಗುರು ಕತ್ತರಿಸುತ್ತಿದ್ದೆ. ಅಂಗೈಯ ನಡುವೆ ಉಗುರು ಊರಿದ ನಾಲ್ಕು ಹಳೆಯ ಕಲೆಗಳು ಕಂಡವು. ನೋಡಿದ ಕೂಡಲೇ ಸಿಟ್ಟು ಬಂತು. ಯಾರ ಮೇಲೆ ಅಂತೀರಾ? ಮೊದಲು ನನ್ನ ಮೇಲೆಯೇ. ಉಳಿದವರ ಸರದಿ ಆಮೇಲೆ.

ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಯರಗಟ್ಟಿಯ ಬೆಳಗಾವಿ ರಸ್ತೆಗೆ ನನ್ನ ಪಂಕ್ಚರ್ ಅಂಗಡಿ. ಲಾರಿಯ ಗಾಲಿಯಾಗಲಿ, ಸೈಕಲ್ಲಿನದಾಗಲಿ, ನನ್ನ ಕೈಗೆ ಬಂದು ರಿಪೇರಿಯಾಗದೆ ಹೋದದ್ದಿಲ್ಲ. ಅದೇ ಸೊಕ್ಕಿನಲ್ಲಿ ಹೆಂಡತಿಯ ಕೈಯನ್ನೂ ರಿಪೇರಿಗೆ ತೆಗೆದುಕೊಂಡೆ ನೋಡಿ.

ಐದಾರು ವರ್ಷದ ಹಿಂದೆ ಅವಳಿಗೆ ಲಕ್ವಾ ಹೊಡೆಯಿತು. ದವಾಖಾನೆಯಿಂದ ಬಂದಾಗ ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಬರಬರುತ್ತ ಬೆರಳು ಮಡಚಿ ಮುಷ್ಟಿಯಾಯಿತು. ನೋಡಲು ಬಂದವರೆಲ್ಲ ಅದನ್ನು ಎಳೆದು, "ಎಷ್ಟು ಗಟ್ಟಿ ಆಗೇತ್ರಿ! ಶಕ್ತಿ ಬಂತು ಬಿಡ್ರಿ" ಅಂದರು. ನಾನೂ ಹಿಗ್ಗಿದೆ. ಹಳೆಯ ಟ್ಯೂಬು ಸುತ್ತಿ ಚೆಂಡು ಮಾಡಿಕೊಟ್ಟು, ದಿನಕ್ಕೆ ಇನ್ನೂರು ಸಲ ಹಿಸುಕಿಸಿದೆ. ಮುಷ್ಟಿ ಕಲ್ಲಾಯಿತು, ಉಗುರು ಅಂಗೈಗೆ ನಾಟಿದವು.

ಅವಳಿಗೆ ಬೇಕಾದದ್ದು ಒಂದೇ, ಮತ್ತೆ ರೊಟ್ಟಿ ಬಡಿಯುವುದು. "ರೊಟ್ಟಿಗೆ ಅಂಗೈ ಬೇಕ್ರಿ. ಮುಷ್ಟೀಲೆ ನಿಮ್ಮನ್ನಷ್ಟ ಬಡೀಬೇಕು" ಅನ್ನುವಳು. ಪಕ್ಕದ ಮನೆಯ ರೊಟ್ಟಿಯ ಸಪ್ಪಳ ಕೇಳಿದರೆ ಗೋಡೆಗೆ ಮುಖ ಮಾಡಿ ಮಲಗುವಳು.

ಬೈಲಹೊಂಗಲದಲ್ಲಿ ಡಾಕ್ಟರಬಾಯಿಯೊಬ್ಬರು ಸೂಜಿ ಚುಚ್ಚಿ ಕೈ ಸಡಿಲ ಮಾಡುತ್ತಾರೆಂದು ಕೇಳಿ ಹೋದೆವು. ಬಾಗಿಲ ಮೇಲೆ 'ಆಕ್ಯುಪಂಕ್ಚರ್' ಎಂದಿತ್ತು. ಓದಿ ಮೈ ಉರಿಯಿತು. ಜೀವಮಾನವೆಲ್ಲ ಪಂಕ್ಚರ್ ತೆಗೆದವನು ಹೆಂಡತಿಗೆ ಪಂಕ್ಚರ್ ಮಾಡಿಸಲು ಬಸ್ಸು ಹತ್ತಿ ಬಂದೆನಲ್ಲ!

ನಮ್ಮಲ್ಲಿ ಸೂಜಿ ಮಾಡುವುದೆಂದರೆ ಇಂಜೆಕ್ಷನ್. ಡಾಕ್ಟರಬಾಯಿ ಕೂದಲಿನಂಥ ಸೂಜಿಗಳನ್ನು ಮೊಣಕೈಯಿಂದ ಬೆರಳ ಸಂದಿಯವರೆಗೆ ನಿಲ್ಲಿಸಿ ಸುಮ್ಮನೆ ಕುಳಿತರು. ಕಾದೆ, ಕಾದೆ, ತಡೆಯಲಾಗಲಿಲ್ಲ.

"ಬಾಯಾರ, ಔಷಧ ಹಾಕೂದು ಮರತೀರಿ."

"ಇದರಾಗ ಔಷಧ ಇರೂದಿಲ್ರಿ. ಬರೇ ಸೂಜಿ."

"ಖಾಲಿ ಸೂಜಿಗೆ ಇಷ್ಟು ದೂರ ಬಂದೇವಿ?"

"ಸುಮ್ನ ಕುಂದರ್ರಿ," ಹಸೀನಾ ಗದರಿದಳು. "ಚುಚ್ಚಿಸಿಕೊಂಡಾಕಿ ನಾನು, ಚೀರಾವ್ರು ನೀವು."

ಅರ್ಧ ಗಂಟೆಗೆ ಬೆರಳು ತುಸು ಸಡಿಲವಾದವು. ಇದರಲ್ಲಿ ನನ್ನದೂ ಪಾಲಿದೆಯೆಂದು ಚೆಂಡಿನ ಕತೆ ಹೇಳಿದೆ. ಡಾಕ್ಟರಬಾಯಿ ಹಣೆ ಹಿಡಿದುಕೊಂಡರು.

"ಇದು ಗಟ್ಟಿ ಅಲ್ರಿ, ಬಿಗಿ. ಬಿಗದದ್ದನ್ನ ಮತ್ತ ಬಿಗಿಸೀರಿ. ಸೂಜಿ ಎಲ್ಲಾರಿಗೂ ಹತ್ತೂದಿಲ್ಲ, ಹತ್ತಿದ್ರೂ ಸ್ವಲ್ಪ ಹೊತ್ತು. ಬೆರಳು ಮೆಲ್ಲಕ ಬಿಡಿಸಿ ಹಿಡಿಯೂದು ನಿಮ್ಮ ಕೆಲಸ. ದಿನಾ."

ನಟ್ಟು ಬೋಲ್ಟಿನ ನಡುವೆ ಬಾಳಿದವನಿಗೆ ಗಟ್ಟಿಗೂ ಬಿಗಿಗೂ ಇರುವ ಅಂತರ ಇನ್ನೊಬ್ಬರು ಹೇಳಬೇಕಾಯಿತು!

ಎರಡು ತಿಂಗಳು ಅಲೆದೆವು. ಸೂಜಿ ಮಾಡಿಸಿದ ದಿನ ಸಡಿಲ, ಮರುದಿನ ಮತ್ತೆ ಬಿಗಿ. ಕೈ ಅರ್ಧ ಬಿಚ್ಚಿತು; ರೊಟ್ಟಿ ಬಡಿಯುವ ಅಂಗೈ ಬರಲಿಲ್ಲ. ಕೊನೆಯ ಸಲ ಬಸ್ಸಿನಲ್ಲಿ ಹಸೀನಾ, "ಇರ್ಲಿ ಬಿಡ್ರಿ, ಅಂಗೈ ತೊಳಕೊಳ್ಳಾಕರ ಬಂತಲ್ಲ" ಅಂದಳು. ನನಗೆ ಇವತ್ತಿಗೂ ಸಮಾಧಾನವಿಲ್ಲ.

ಅಂದಿನಿಂದ ದಿನಾ ಬೆರಳು ಬಿಡಿಸುತ್ತೇನೆ, ಕದ ಮುಚ್ಚಿಕೊಂಡು. ನಾಚಿಕೆ ಅವಳದಲ್ಲ, ನನ್ನದು. ಮದುವೆಯಾದಾಗಿನಿಂದ ನಾಲ್ಕು ಜನರೆದುರು ಅವಳ ಕೈ ಹಿಡಿದವನಲ್ಲ. ಇವತ್ತು ಉಗುರು ಕತ್ತರಿಸಿದ ಮೇಲೆ ಏನನ್ನಿಸಿತೋ, ಅಂಗಡಿಯ ಮುಂದೆ ಬಿಸಿಲಿಗೆ ಕುರ್ಚಿ ಹಾಕಿ ಅವಳನ್ನು ಕೂರಿಸಿದೆ. ಕಿರುಬೆರಳಿನಿಂದ ಶುರುಮಾಡಿದ್ದೆ, ಲಾರಿಯವನೊಬ್ಬ ಹಾರ್ನ್ ಹೊಡೆದ.

"ಚಾಚಾ, ಗಾಲಿ ಇಳದೈತಿ, ಲಗೂನ ಬರ್ರಿ!"

"ಹೋಗ್ರಿ," ಹಸೀನಾ ಕೈ ಎಳೆದುಕೊಳ್ಳಲು ನೋಡಿದಳು. "ಜನಾ ನೋಡಾಕ ಹತ್ತ್ಯಾರ."

"ನೋಡ್ಲಿ. ಇನ್ನ ಹೆಬ್ಬೆರಳು ಬಿಡಿಸಿಲ್ಲ," ಅಂದೆ. "ಲಾರಿ ನಿಂದರತೈತಿ."